ಹಾಲು ಇಳಿಯಲಿಲ್ಲ ಎಂಬ ಸುಳ್ಳು

ಬಸುರಿಯರಿಗೆ ಬುದ್ಧಿ ಹೇಳುವುದು ನನ್ನ ಕಸುಬು. ಉಪ್ಪು ಕಡಿಮೆ ಮಾಡಿ, ಕಾಲು ಊದಿದರೆ ಬನ್ನಿ, ಮಗು ಒದೆಯುವುದು ಕಡಿಮೆಯಾಯಿತು ಅನ್ನಿಸಿದರೆ ನಾಳೆ ನೋಡೋಣ ಅಂತ ಕೂರಬೇಡಿ. ಮೂರು ದೇಶಗಳಲ್ಲಿ ಇದನ್ನೇ ಹೇಳಿ ಹೇಳಿ ನಾಲಿಗೆ ಸವೆದಿದೆ. ಜನ ಇದನ್ನು ಪುಣ್ಯದ ಕೆಲಸ ಅನ್ನುತ್ತಾರೆ. ಅನ್ನುವವರು ಒಂದು ದಿನ ಬಂದು ಮಾಡಲಿ, ಪುಣ್ಯಕ್ಕೂ ಮಂಡಿನೋವಿಗೂ ಇರುವ ನಂಟು ಆಗ ತಿಳಿಯುತ್ತದೆ. ಕೆಲವು ದಿನ ಕ್ಲಿನಿಕ್ ಮುಗಿಸಿ ಕಾರಿನಲ್ಲಿ ಕೂತವಳು ಹತ್ತು ನಿಮಿಷ ಸುಮ್ಮನೆ ಸ್ಟೀರಿಂಗ್ ಹಿಡಿದುಕೊಂಡೇ ಇರುತ್ತೇನೆ. ಅಂಥದೇ ಒಂದು ದಿನದ ದಣಿವಿನಲ್ಲಿ ನಾನು ಒಬ್ಬ ಹುಡುಗಿಗೆ ಸಣ್ಣದೊಂದು ಸುಳ್ಳು ಹೇಳಿಕೊಟ್ಟೆ. ಅದರ ಕಥೆ ಇದು.

ಅದಕ್ಕೂ ಮೊದಲು ಜಾಂಬಿಯಾದ ಮಾತು ಹೇಳಬೇಕು. ಮೈಸೂರಿನಲ್ಲಿ ನರ್ಸಿಂಗ್ ಓದಿ, ಕೆಲವು ವರ್ಷ ಅಲ್ಲೇ ದುಡಿದು, ಎರಡು ಸಾವಿರದ ಹತ್ತರ ಹೊತ್ತಿಗೆ ಅಲ್ಲಿನ ಒಂದು ಜಿಲ್ಲಾ ಆಸ್ಪತ್ರೆಗೆ ಕಾಂಟ್ರಾಕ್ಟಿನ ಮೇಲೆ ಹೋಗಿದ್ದೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬೆಂಚುಗಳು ತುಂಬಿರುತ್ತಿದ್ದವು. ಬಂದ ಪ್ರತಿ ಬಸುರಿಗೂ ಎಚ್‌ಐವಿ ಪರೀಕ್ಷೆ. ಬೆರಳ ತುದಿಗೆ ಸೂಜಿ, ಪಟ್ಟಿಯ ಮೇಲೆ ಒಂದು ಹನಿ ರಕ್ತ, ಕಾಲು ಗಂಟೆ ಕಾಯುವುದು. ಒಂದು ಗೆರೆ ಮೂಡಿದರೆ ಇಲ್ಲ, ಎರಡು ಮೂಡಿದರೆ ಇದೆ. ಫಲಿತಾಂಶ ಹೇಳುವುದು ಪರದೆಯ ಹಿಂದೆ. ಆದರೆ ಬೆಂಚಿನ ಮೇಲಿದ್ದವರು ಬಲು ಜಾಣೆಯರು. ಯಾರು ಪರದೆಯ ಹಿಂದೆ ಎಷ್ಟು ಹೊತ್ತು ಇದ್ದರು ಎಂದು ಲೆಕ್ಕ ಇಡುತ್ತಿದ್ದರು. ಬೇಗ ಬಂದರೆ ಚೆನ್ನಾಗಿದ್ದಾಳೆ, ತಡವಾದರೆ ಮುಗಿಯಿತು ಅವಳ ಕಥೆ. ಅದು ಗೊತ್ತಾದ ಮೇಲೆ ನಾನು ಎಲ್ಲರನ್ನೂ ಒಂದೇ ಸಮ ಕೂರಿಸಿಕೊಳ್ಳತೊಡಗಿದೆ. ಏನೂ ಇಲ್ಲದವರ ಹತ್ತಿರ ಕೋಳಿ, ಜೋಳ, ಗಂಡನ ಕುಡಿತ ಎಂದು ಹರಟೆ ಹೊಡೆದು ಹೊತ್ತು ಕಳೆಯುತ್ತಿದ್ದೆ. ಮಧ್ಯಾಹ್ನಕ್ಕೆ ನನ್ನ ಗಂಟಲು ಕಟ್ಟಿಹೋಗುತ್ತಿತ್ತು.

ಎರಡು ಗೆರೆ ಮೂಡಿದವರಿಗೆ ನಾನು ಹೇಳುತ್ತಿದ್ದುದು ಎರಡೇ ಮಾತು. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಹುಟ್ಟಿದ ಮಗುವಿಗೆ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ, ನೀರನ್ನೂ ಕೊಡಬೇಡಿ. ತಾಯಿ ಮಾತ್ರೆ ನುಂಗುತ್ತಿದ್ದರೆ ಹಾಲಿನಿಂದ ಮಗುವಿಗೆ ಸೋಂಕು ತಗಲುವ ಭಯ ಕಡಿಮೆ. ಆದರೆ ಬಾವಿ ನೀರಲ್ಲಿ ಕಲಸಿದ ಪುಡಿ ಹಾಲು ಕುಡಿದ ಕೂಸುಗಳು ಭೇದಿಯಾಗಿ ಸಾಯುತ್ತಿದ್ದವು. ಹಾಲಿನ ಜೊತೆ ಜೋಳದ ಗಂಜಿ ಕುಡಿಸುವ ಅಜ್ಜಿಯರನ್ನು ನಾನು ಅವರದೇ ಭಾಷೆಯ ಮುರುಕು ಮಾತಿನಲ್ಲಿ ಬೈದದ್ದಕ್ಕೆ ಲೆಕ್ಕವಿಲ್ಲ. ಅಲ್ಲಿ ಎಲ್ಲ ತಾಯಂದಿರೂ ಹಾಲು ಕೊಡುವವರೇ ಆದ್ದರಿಂದ ಯಾರಿಗಿದೆ ಯಾರಿಗಿಲ್ಲ ಎಂದು ಹೊರಗೆ ತಿಳಿಯುತ್ತಿರಲಿಲ್ಲ. ಮುಚ್ಚಿಡಬೇಕಾದದ್ದು ಮಾತ್ರೆಯ ಡಬ್ಬಿ ಒಂದನ್ನೇ. ನಡೆಯುವಾಗ ಅದು ಗಲಗಲ ಅನ್ನದಿರಲೆಂದು ಹತ್ತಿ ತುರುಕಿಕೊಡುತ್ತಿದ್ದೆವು.

ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಬಂದಾಗ ಮೊದಲು ಇಳಿದದ್ದು ಅಡಿಲೇಡಿನಲ್ಲಿ. ಕಿಲ್ಬರ್ನ್ ಎಂಬ ಬಡಾವಣೆಯಲ್ಲಿ ಬಾಡಿಗೆ ಮನೆ, ಮತ್ತೆ ಪರೀಕ್ಷೆ, ಮತ್ತೆ ಲೈಸೆನ್ಸು. ಗಂಡನಿಗೆ ಪರ್ತಿನಲ್ಲಿ ಗಣಿ ಕಂಪನಿಯ ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ನೆಂಟರ ಹಾಗೆ ಬಂದುಹೋಗುತ್ತಿದ್ದರು. ನಾನು ಸೇರಿದ ಕ್ಲಿನಿಕ್ಕಿಗೆ ಆಫ್ರಿಕಾದ ಬೇರೆ ಬೇರೆ ದೇಶಗಳಿಂದ ಬಂದ ಹೆಂಗಸರೂ ಬರುತ್ತಿದ್ದರು. ಇಲ್ಲಿಯೂ ಬಸುರಿಯರೆಲ್ಲರಿಗೂ ಅದೇ ಪರೀಕ್ಷೆ, ಮಾತ್ರೆಗಳೂ ಹೆಚ್ಚುಕಡಿಮೆ ಅವೇ. ಬುದ್ಧಿಮಾತು ಮಾತ್ರ ತಿರುವುಮುರುವು. ಇಲ್ಲಿ ನಲ್ಲಿ ನೀರು ಶುದ್ಧ, ಪುಡಿ ಹಾಲು ಮೂಲೆ ಅಂಗಡಿಯಲ್ಲೂ ಸಿಗುತ್ತದೆ. ಆದ್ದರಿಂದ ಸೋಂಕಿರುವ ತಾಯಿ ಎದೆಹಾಲು ಕೊಡಬಾರದು, ಬಾಟಲಿಯೇ ಸರಿ. ಮೊದಲ ಸಲ ಇದನ್ನು ಹೇಳಿದಾಗ ಎದುರಿಗಿದ್ದ ಹೆಂಗಸು ನಕ್ಕುಬಿಟ್ಟಳು. ಊರಲ್ಲಿ ನಿನ್ನಂಥವಳೇ ಕೊಡಲೇಬೇಕು ಅಂತ ಬೈದಿದ್ದಳು, ಅಲ್ಲಿನ ವೈರಸ್ಸೇ ಬೇರೆಯೇ ಎಂದು ಕೇಳಿದಳು. ವೈರಸ್ ಅದೇ, ನೀರು ಬೇರೆ ಎಂದೆ. ಬೈದವಳು ನಾನೇ ಇದ್ದರೂ ಇರಬಹುದಿತ್ತು.

ಇನ್ನು ಬ್ರಿಸ್ಬೇನಿನ ಹುಡುಗಿಯ ವಿಷಯ. ಅಡಿಲೇಡಿನಿಂದ ನಾನು ಅಲ್ಲಿನ ಒಂದು ಆಸ್ಪತ್ರೆಗೆ ಬದಲಾಗಿ ಒಂದೆರಡು ವರ್ಷವಾಗಿತ್ತು. ಆ ಊರಿನ ಕನ್ನಡದವರಿಗೆಲ್ಲ ನಾನು ಬಿಟ್ಟಿ ಡಾಕ್ಟರು. ಯುಗಾದಿ ಊಟಕ್ಕೆ ಹೋದರೆ ಹೋಳಿಗೆ ಬಾಯಿಗಿಡುವ ಮೊದಲೇ ಯಾರೋ ಫೋನಿನಲ್ಲಿ ಸ್ಕ್ಯಾನ್ ರಿಪೋರ್ಟು ತೋರಿಸುತ್ತಿದ್ದರು. ಈ ಹುಡುಗಿಯನ್ನು ಅಲ್ಲೆಲ್ಲೂ ನೋಡಿರಲಿಲ್ಲ. ಮಂಡ್ಯದ ಕಡೆಯವಳು. ಗಂಡ ಇಂಡೂರೂಪಿಲ್ಲಿಯ ಹತ್ತಿರದ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ, ಇವಳು ಒಂದು ಕೆಫೆಯಲ್ಲಿ ಅರ್ಧ ದಿನದ ಕೆಲಸಕ್ಕೆ ಹೋಗುತ್ತಿದ್ದಳು. ಮೊದಲ ಬಸಿರು. ಎಲ್ಲರಿಗೂ ಮಾಡುವ ರಕ್ತ ಪರೀಕ್ಷೆ ಇವಳಿಗೂ ಆಯಿತು. ಎಚ್‌ಐವಿ ಇದೆ ಎಂದು ಬಂತು.

ಹೇಳಿದ್ದು ಡಾಕ್ಟರು, ಪಕ್ಕದಲ್ಲಿ ಕೂತವಳು ನಾನು. ಅವಳು ಇಂಗ್ಲಿಷಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು, ತಲೆಯಾಡಿಸಿದಳು. ಡಾಕ್ಟರು ಎದ್ದುಹೋದ ಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿದಳು.

“ಅಕ್ಕ, ಅಮ್ಮಂಗೆ ಗೊತ್ತಾಗುತ್ತಾ?”

“ನೀನು ಹೇಳಿದ್ರೆ ಮಾತ್ರ. ನಾವ್ಯಾರೂ ಬಾಯಿ ಬಿಡೋ ಹಾಗಿಲ್ಲ.”

ಗಂಡನಿಗೂ ಪರೀಕ್ಷೆಯಾಯಿತು, ಅವನಿಗೂ ಇತ್ತು. ಅವರಿಬ್ಬರ ನಡುವೆ ಮನೆಯಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಅವಳು ಮಾತ್ರ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ತಿಂಗಳುಗಳು ಕಳೆದಂತೆ ಅವಳ ರಕ್ತದಲ್ಲಿ ವೈರಸ್ ಯಂತ್ರಕ್ಕೂ ಕಾಣದಷ್ಟು ಇಳಿಯಿತು. ಇನ್ನೇನು, ಹೆರಿಗೆ ಸಲೀಸಾಗಿ ಆಗಬೇಕು, ಮಗುವಿಗೆ ಕೆಲವು ವಾರ ಔಷಧಿ ಕುಡಿಸಬೇಕು, ಎದೆಹಾಲು ಕೊಡಬಾರದು. ಇಷ್ಟು ಮಾಡಿದರೆ ಮಗು ಬಚಾವು ಎಂದು ನಾವೆಲ್ಲ ನಂಬಿದ್ದೆವು.

ದಿನ ತುಂಬುತ್ತಾ ಬಂದಾಗ, ಒಂದು ಶುಕ್ರವಾರ ಅವಳೇ ಆ ದಿನದ ಕೊನೆಯವಳು. ನಾನು ಬೆಳಗಿನಿಂದ ನೀರು ಕುಡಿಯಲೂ ಕೂತಿರಲಿಲ್ಲ. ಬಾಣಂತನಕ್ಕೆ ಊರಿಂದ ಅಮ್ಮ ಬರುತ್ತಿದ್ದಾಳೆ ಎಂದಳು. ಆಮೇಲೆ ಕೇಳಿದಳು:

“ಹಾಲು ಯಾಕೆ ಕೊಡಲ್ಲ ಅಂದ್ರೆ ಏನ್ ಹೇಳ್ಲಿ ಅಕ್ಕ? ಅಮ್ಮ ಅಂಗನವಾಡಿ ಟೀಚರ್. ತಾಯಿ ಹಾಲು, ತಾಯಿ ಹಾಲು ಅಂತ ಇಪ್ಪತ್ತೈದು ವರ್ಷ ಊರೆಲ್ಲ ಸುತ್ತಿದೋಳು. ಬಾಟಲಿ ನೋಡಿದ್ರೆ ಬಿಡ್ತಾಳಾ?”

ನಮ್ಮ ಆಸ್ಪತ್ರೆಯಲ್ಲಿ ಇದಕ್ಕೊಂದು ಕರಪತ್ರ ಇತ್ತು. ಯಾರಾದರೂ ಕೇಳಿದರೆ ಇದು ನನ್ನ ಆಯ್ಕೆ ಎಂದು ಹೇಳಿ, ಎಂದು ಅದರಲ್ಲಿ ಅಚ್ಚಾಗಿತ್ತು. ಮಂಡ್ಯದ ತಾಯಿಯ ಮುಂದೆ ನಿಂತು ‘ಇದು ನನ್ನ ಆಯ್ಕೆ’ ಅನ್ನುವ ಮಗಳು ಎಲ್ಲಾದರೂ ಇದ್ದರೆ ತೋರಿಸಿ. ಅಮ್ಮನಿಗೆ ನಿಜ ಹೇಳುವ ಬಗ್ಗೆ ನಿಧಾನವಾಗಿ ಮಾತಾಡೋಣ, ಸೋಮವಾರ ಬಾ ಎನ್ನಬೇಕಿತ್ತು. ಹಾಗೆ ಕೂತು ಮಾತಾಡುವುದೂ ನನ್ನ ಕೆಲಸದ ಭಾಗವೇ. ನನಗೆ ಮನೆಗೆ ಹೋಗಬೇಕಿತ್ತು.

“ಹಾಲು ಇಳೀಲಿಲ್ಲ ಅಂತ ಹೇಳ್ಬಿಡು,” ಎಂದೆ. “ಎಷ್ಟೋ ಜನಕ್ಕೆ ಇಳಿಯಲ್ಲ. ಯಾರೂ ಮುಂದಕ್ಕೆ ಕೇಳಲ್ಲ.”

ಅವಳ ಮುಖ ಅರಳಿತು. ಇಷ್ಟು ಸುಲಭದ ಉಪಾಯ ತನಗೆ ಹೊಳೆಯಲಿಲ್ಲವಲ್ಲ ಎಂದಳು. ನನಗೂ ಹೆಮ್ಮೆಯೇ ಆಯಿತು.

ಸಿಸೇರಿಯನ್ ಆಗಿ ಹೆಣ್ಣು ಮಗು ಹುಟ್ಟಿತು. ಹಾಲು ಬತ್ತಲೆಂದು ಅವಳಿಗೆ ಮಾತ್ರೆ ಕೊಟ್ಟರು. ಅದು ಕೆಲವರಲ್ಲಿ ಪೂರ್ತಿ ಬತ್ತಿಸುತ್ತದೆ, ಕೆಲವರಲ್ಲಿ ಅಲ್ಪಸ್ವಲ್ಪ ಉಳಿಯುತ್ತದೆ. ಮಗುವಿನ ಔಷಧಿಯನ್ನು ಊರಿಂದ ಬಂದಿಳಿದಿದ್ದ ಅಮ್ಮನಿಗೆ ವಿಟಮಿನ್ ಎಂದು ಹೇಳಿದ್ದಾಯಿತು. ಮನೆಗೆ ಹೋದ ಮೂರನೆಯ ದಿನ ತಾಯಿ ಮಗುವನ್ನು ನೋಡಿ ಬರುವ ಪಾಳಿ ನನ್ನದೇ ಬಂತು.

ಬಾಗಿಲು ತೆಗೆದರೆ ಬೆಳ್ಳುಳ್ಳಿಯ ಘಾಟು. ಅಮ್ಮ ಸಣ್ಣ ಆಳು, ಚುರುಕು ಕಣ್ಣು, ಸೀರೆಯ ಮೇಲೆ ಅಳಿಯನ ಸ್ವೆಟರು.

“ಬನ್ನಿ ಸಿಸ್ಟರ್. ನಮ್ಮೋರು ಅಂತ ಮಗಳು ಹೇಳಿದ್ಲು, ಜೀವ ಬಂದಂಗಾಯ್ತು. ಸಬ್ಬಸಿಗೆ ಸೊಪ್ಪಿಗೆ ಇಲ್ಲಿ ಏನೋ ಡಿಲ್ ಅಂತಾರಂತಲ್ಲ? ಅಳಿಯ ಚೀಟಿ ಬರ್ಕೊಟ್ರು, ಎರಡು ಬಸ್ ಹತ್ತಿ ಸನ್ನಿಬ್ಯಾಂಕಿಗೆ ಹೋಗಿ ತಂದೆ. ಚೀನಾದೋನ ಅಂಗಡೀಲಿ ಕೈಸನ್ನೆ ಮಾಡಿ ಕೇಳ್ದೆ ಕಣ್ರೀ!”

ಸಬ್ಬಸಿಗೆ ಸೊಪ್ಪು ಎಂದು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಬಾಣಂತಿಗೆ ಆ ಸೊಪ್ಪು, ಬೆಳ್ಳುಳ್ಳಿ ಎಲ್ಲ ಯಾಕೆ ಎಂದು ನಮ್ಮ ಕಡೆ ಚಿಕ್ಕ ಹುಡುಗಿಗೂ ಗೊತ್ತು. ಹಾಲು ಹೆಚ್ಚಲಿ ಎಂದು. ನಾನು ಪೆದ್ದಿಯ ಹಾಗೆ ನಗುತ್ತಾ ಸೋಫಾದಲ್ಲಿ ಕೂತೆ. ಹುಡುಗಿ ಹಾಸಿಗೆಯ ಮೇಲೆ ಗೋಡೆ ನೋಡುತ್ತಾ ಕೂತಿದ್ದಳು. ಮಗು ಅಜ್ಜಿಯ ಮಡಿಲಲ್ಲಿತ್ತು.

“ಏನ್ ಮಾಡಿದ್ರೂ ಹಾಲು ಇಳೀಲೇ ಇಲ್ಲ ಸಿಸ್ಟರ್. ಕೂಸು ಚೀಪಿದ್ರೆ ತಾನೇ ಇಳಿಯೋದು? ಇವಳು ನೋವು ಅಂತ ಮುಖ ತಿರುಗಿಸ್ತಾಳೆ. ಅದಕ್ಕೇ ಇವಳು ನೋವಿನ ಮಾತ್ರೆ ನುಂಗಿ ಮಲಗಿದ್ದಾಗ ನಾನೇ ಕೂಸನ್ನ ಎದೆಗೆ ಹಚ್ತೀನಿ. ನಿನ್ನೆ ಎರಡು ಸಲ ಹಚ್ಚಿದೆ, ಇವತ್ತು ಬೆಳಿಗ್ಗೆ ಒಂದ್ಸಲ. ಬೆಳಿಗ್ಗೆ ನೋಡಿ, ಕೂಸಿನ ತುಟಿ ಮೇಲೆ ಹಾಲು ಕಾಣಿಸ್ತು!”

ಆಕೆಯ ಮುಖದಲ್ಲಿ ಅಷ್ಟು ಸಂತೋಷವಿತ್ತು. “ಎಚ್ಚರ ಆಗೋಷ್ಟರಲ್ಲಿ...” ಎಂದು ಹುಡುಗಿ ನನ್ನ ಕಡೆ ನೋಡಿ ನಿಲ್ಲಿಸಿದಳು.

“ಆಂಟಿ, ಇನ್ಮೇಲೆ ಹಾಗೆ ಮಾಡ್ಬೇಡಿ,” ಎಂದೆ.

“ಯಾಕೆ?”

ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆಪರೇಷನ್ನಿನ ಮಾತ್ರೆ ಹಾಲಿಗೆ ಸೇರುತ್ತದೆ, ಒಳ್ಳೆಯದಲ್ಲ ಎಂದುಬಿಡುವುದಿತ್ತು. ಅಷ್ಟರಲ್ಲಿ ಹುಡುಗಿಯೇ ಬಾಯಿಬಿಟ್ಟಳು.

“ನಂಗೆ ಎಚ್‌ಐವಿ ಇದೆಯಮ್ಮ. ಹಾಲಲ್ಲಿ ಮಗುಗೆ ಹೋಗುತ್ತೆ. ಅದಕ್ಕೇ ಬಾಟಲಿ.”

ಆಕೆ ಅಳಲಿಲ್ಲ, ಕಿರುಚಲಿಲ್ಲ. ಮಗುವನ್ನು ಮೆಲ್ಲಗೆ ಮಗಳ ಪಕ್ಕದಲ್ಲಿ ಮಲಗಿಸಿ, ಮಾತ್ರೆ ತಗೋತಿದೀಯಾ, ಯಾವಾಗಿಂದ, ಕೂಸಿಗೆ ಕೊಡ್ತಿರೋದು ಅದರದ್ದೇ ಔಷಧೀನಾ, ಅಳಿಯಂಗೂ ಇದೆಯಾ ಎಂದು ಒಂದೊಂದಾಗಿ ಕೇಳಿದರು. ರಿಜಿಸ್ಟರು ತುಂಬಿಸುವವರ ಪ್ರಶ್ನೆಗಳು. ಮಗಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಕೇಳಿದರು:

“ಈ ಹಾಲು ಇಳೀಲಿಲ್ಲ ಅನ್ನೋದನ್ನ ಯಾರು ಹೇಳ್ಕೊಟ್ಟಿದ್ದು?”

“ನಾನೇ ಆಂಟಿ,” ಎಂದೆ.

ಅಲ್ಲಿಯವರೆಗೆ ನಾನು ಸಿಸ್ಟರ್ ಆಗಿದ್ದೆ, ನೀವು ಆಗಿದ್ದೆ. “ನೀನೂ ನಮ್ಮ ಕಡೆಯೋಳೇ ಅಲ್ವೇನಮ್ಮ? ಹಾಲು ಇಳೀಲಿಲ್ಲ ಅಂದ್ರೆ ಯಾವ ತಾಯಿ ಕೈಕಟ್ಕೊಂಡು ಕೂರ್ತಾಳೆ? ಆ ಟೆಸ್ಟಿಗೆ ನಾನೇ ಎಷ್ಟು ಜನ ಬಸುರಿಯರನ್ನ ಆಸ್ಪತ್ರೆಗೆ ಕಳ್ಸಿದೀನಿ. ಕೆಲವರನ್ನ ಕೈಹಿಡ್ಕೊಂಡು ಕರ್ಕೊಂಡು ಹೋಗಿದೀನಿ. ನಂಗೆ ಹೇಳಿದ್ರೆ ಅರ್ಥ ಆಗ್ತಿರ್ಲಿಲ್ವಾ?”

ಹಾಲು ಇಳಿಯಲಿಲ್ಲ ಎನ್ನುವುದು ನಮ್ಮ ಮನೆಗಳಲ್ಲಿ ಮಾತು ಮುಗಿಸುವ ಉತ್ತರವಲ್ಲ; ಅದನ್ನು ಕೇಳಿದ ಕೂಡಲೇ ಅಮ್ಮಂದಿರು ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಲ್ಲುತ್ತಾರೆ. ನನ್ನ ಅಮ್ಮ ನನ್ನ ಬಾಣಂತನದಲ್ಲೂ ಹಾಗೇ ಮಾಡಿದ್ದಳು. ಫಾರಂ ತುಂಬಿ ತುಂಬಿ, ಕರಪತ್ರ ಹಂಚಿ ಹಂಚಿ ನಾನು ಅದನ್ನೇ ಮರೆತಿದ್ದೆ. ಕರಪತ್ರ ಬರೆದವರನ್ನು ಗೇಲಿ ಮಾಡಿದವಳು ಅವರಿಗಿಂತ ದಡ್ಡ ಕೆಲಸ ಮಾಡಿದ್ದೆ.

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ತಾಯಿಯ ರಕ್ತದಲ್ಲಿ ವೈರಸ್ ಕಾಣುತ್ತಿಲ್ಲ, ಮಗು ಔಷಧಿಯ ಮೇಲಿದೆ, ಭಯ ಬಹಳ ಕಡಿಮೆ. ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ, ಪರೀಕ್ಷೆಗಳು ಮುಗಿಯುವವರೆಗೆ ಕಾಯಬೇಕು ಎಂದರು. ನನ್ನ ಮೇಲಿನ ಮಿಡ್‌ವೈಫ್ ನನ್ನನ್ನು ಕೂರಿಸಿಕೊಂಡು, ನಿನ್ನ ಉದ್ದೇಶ ಒಳ್ಳೆಯದೇ ಇತ್ತು ಎಂದು ಬೆನ್ನು ಸವರಿದಳು. ಅದರ ಬದಲು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಪರ್ತಿನಲ್ಲಿದ್ದ ನನ್ನ ಗಂಡನಿಗೆ ಫೋನಿನಲ್ಲಿ ಕೆಲಸದಲ್ಲಿ ಒಂದು ಎಡವಟ್ಟು ಮಾಡಿಕೊಂಡೆ ಎಂದಷ್ಟೇ ಹೇಳಿದೆ. ಸ್ವಲ್ಪ ದಿನ ರಜೆ ಹಾಕು ಅಂದರು. ಹಾಕಲಿಲ್ಲ. ಮನೆಯಲ್ಲಿ ಕೂತರೆ ಅದೇ ಯೋಚನೆ ಬರುತ್ತಿತ್ತು.

ಆಮೇಲೆ ನನ್ನ ಸರದಿ ಇರಲಿ ಇಲ್ಲದಿರಲಿ, ಕೇಳಿಕೊಂಡು ಆ ಮನೆಗೆ ನಾನೇ ಹೋಗುತ್ತಿದ್ದೆ. ಹುಡುಗಿಯ ಅಮ್ಮ ಬಾಟಲಿ ಕುದಿಸುವುದು, ಪುಡಿ ಅಳೆಯುವುದು, ಔಷಧಿಯ ಹೊತ್ತು ನೋಡುವುದು, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಮಗಳಿಗೆ ಒಂದು ಕಟುಮಾತೂ ಆಡಲಿಲ್ಲ, ಅವಳ ತಲೆ ಬಾಚಿ ಊಟ ಕಲಸಿ ಕೊಡುತ್ತಿದ್ದರು. ಮಗುವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಹಾಲು ಬೆರೆಸಿ ಮಗಳ ಕೈಗೋ ಅಳಿಯನ ಕೈಗೋ ಬಾಟಲಿ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಮಗು ಅತ್ತರೆ ಮಗಳನ್ನು ಕೂಗುತ್ತಿದ್ದರು. ಒಂದು ದಿನ ಹುಡುಗಿ ನನ್ನನ್ನು ಕಾರಿನವರೆಗೆ ಬಿಡಲು ಬಂದವಳು ಅಳಲು ಶುರು ಮಾಡಿದಳು.

“ಅಮ್ಮಂಗೆ ಭಯ ಅಕ್ಕ. ಅಂಟ್ಕೊಳುತ್ತೆ ಅಂತ. ಬಾಯಲ್ಲಿ ಹೇಳಲ್ಲ ಅಷ್ಟೇ.”

ನನಗೂ ಹಾಗೇ ಅನ್ನಿಸಿತ್ತು. ಮುಟ್ಟಿದರೆ ಬರುವುದಿಲ್ಲ, ಮುದ್ದಾಡಿದರೆ ಬರುವುದಿಲ್ಲ, ಸ್ನಾನ ಮಾಡಿಸಿದರೆ ಬರುವುದಿಲ್ಲ ಎಂದು ಆಕೆಗೆ ನಾಲ್ಕೈದು ಸಲವಾದರೂ ಪಾಠ ಹೇಳಿದೆ. ಆಕೆ ತಲೆ ತಗ್ಗಿಸಿ ಹೂಂ ಹೂಂ ಎಂದು ಕೇಳಿ ಮತ್ತೆ ಎರಡು ಹೆಜ್ಜೆ ಹಿಂದೆಯೇ ನಿಲ್ಲುತ್ತಿದ್ದರು. ಒಳಗೊಳಗೇ ನನಗೆ ಸಿಟ್ಟು ಬರುತ್ತಿತ್ತು. ಊರಿಗೆಲ್ಲ ಹೇಳುವ ಟೀಚರಮ್ಮ, ಸ್ವಂತ ಮೊಮ್ಮಗಳ ವಿಷಯಕ್ಕೆ ಬಂದಾಗ ಇಷ್ಟೇ ಎಂದುಕೊಂಡೆ. ತಪ್ಪು ಮಾಡಿದ್ದು ನಾನಾದ್ದರಿಂದ ಇನ್ನೊಬ್ಬರ ತಪ್ಪು ಸಿಕ್ಕಿದ್ದು ಸ್ವಲ್ಪ ಹಗುರವೂ ಅನಿಸಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆರನೆಯ ವಾರದ ಪರೀಕ್ಷೆಯಲ್ಲಿ ಏನೂ ಇರಲಿಲ್ಲ, ಆದರೆ ಆಗಿನ್ನೂ ಪೂರ್ತಿ ನಂಬುವ ಹಾಗಿರಲಿಲ್ಲ. ಎರಡೂವರೆ ತಿಂಗಳ ಹೊತ್ತಿಗೆ ಮತ್ತೆ ರಕ್ತ ತೆಗೆದರು. ಫಲಿತಾಂಶದ ದಿನ ಅಮ್ಮ, ಮಗಳು, ಮೊಮ್ಮಗಳು ಮೂವರೂ ಬಂದಿದ್ದರು. ಡಾಕ್ಟರು ಇಂಗ್ಲಿಷಿನಲ್ಲಿ ಓದಿ ಹೇಳಿದರು, ಹುಡುಗಿ ಮಗುವಿನ ಮೇಲೆ ಮುಖವಿಟ್ಟು ಬಿಕ್ಕಿದಳು. ಅಮ್ಮ ನನ್ನ ಮುಖ ನೋಡಿದರು.

“ಕೂಸಿಗೆ ಇಲ್ಲ ಆಂಟಿ,” ಎಂದೆ.

“ಇನ್ನೊಂದ್ಸಲ ಹೇಳು.”

“ಇಲ್ಲ. ವೈರಸ್ ಇಲ್ಲ. ಒಂದೂವರೆ ವರ್ಷಕ್ಕೆ ಇನ್ನೊಂದು ಟೆಸ್ಟ್ ಮಾಡ್ತಾರೆ, ಅದು ಖಾತ್ರಿಗೆ ಅಷ್ಟೇ.”

ಆಕೆ ಸ್ವಲ್ಪ ಹೊತ್ತು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತರು. “ಹಾಗಾದ್ರೆ ಈಗ ನಾನು ಎತ್ಕೋಬಹುದಾ?”

ನಾನು ನನ್ನ ಹಳೆಯ ಪಾಠ ಶುರು ಮಾಡಿದೆ. “ಆಂಟಿ, ಎಷ್ಟು ಸಲ ಹೇಳಿದೀನಿ, ಮುಟ್ಟಿದ್ರೆ ಬರಲ್ಲ ಅಂತ...”

“ಅದು ಗೊತ್ತು ಬಿಡಮ್ಮ. ಊರಿಗೆಲ್ಲ ಹೇಳ್ಕೊಂಡು ಬಂದೋಳು ನಾನು.” ಎರಡೂ ಅಂಗೈ ಚಾಚಿ ತೋರಿಸಿದರು. “ಕೂಸಿನ ತಲೆ ಹಿಡ್ದು ಎದೆಗೆ ಒತ್ತಿದ್ದು ಇದೇ ಕೈ ಅಲ್ವಾ? ಮೂರು ಸಲ. ಕೂಸಿಗೆ ಏನೂ ಆಗಿಲ್ಲ ಅಂತ ಗೊತ್ತಾಗೋವರೆಗೂ ಈ ಕೈಯಲ್ಲಿ ಮುಟ್ಟಲ್ಲ ಅನ್ಕೊಂಡಿದ್ದೆ.”

ಹುಡುಗಿ ಎದ್ದು ಬಂದು ಮಗುವನ್ನು ಅಮ್ಮನ ತೋಳಿಗೆ ಇಟ್ಟಳು. ಮಗುವಿಗೆ ಆ ಮುಖದ ಪರಿಚಯವಿತ್ತು, ತೋಳಿನ ಪರಿಚಯವಿರಲಿಲ್ಲ. ಮೈ ಬಿಲ್ಲಿನ ಹಾಗೆ ಬಾಗಿಸಿ ಕಿರುಚಿ ಅಳತೊಡಗಿತು. ಆಕೆ ಶ್ ಶ್ ಎಂದು ತಟ್ಟಿದರು, ಹೆಗಲಿಗೆ ಹಾಕಿಕೊಂಡು ಕಿಟಕಿಯವರೆಗೆ ನಡೆದರು, ಮತ್ತೆ ಬಂದರು. ಅದು ತನ್ನ ತಾಯಿಯ ದನಿ ಬಂದ ಕಡೆಗೇ ಮುಖ ತಿರುಗಿಸಿತು. ಆದರೂ ಆಕೆ ಕೊಡಲಿಲ್ಲ. “ಅಭ್ಯಾಸ ಆಗುತ್ತೆ, ಅಭ್ಯಾಸ ಆಗುತ್ತೆ,” ಎಂದು ನಮಗೂ ಮಗುವಿಗೂ ಹೇಳುತ್ತಿದ್ದರು. ಆಕೆ ಮೂರು ತಿಂಗಳ ವೀಸಾದ ಮೇಲೆ ಬಂದವರು. ಅದು ಮುಗಿಯಲು ಇನ್ನು ಒಂಬತ್ತು ದಿನ ಇತ್ತು.